ಸೀಳಿದ ಕ್ಯಾಮರಾ ಮತ್ತು ಕರೆಯದೆ ಬಂದ ಹಿರಿಯ

ಕುರುಗೋಡಿನ ಫೋಟೋಗ್ರಾಫರ್ ನನ್ನ ಮೇಜಿನ ಮೇಲೆ ಇಟ್ಟ ಮದುವೆ ಫೋಟೋದಲ್ಲಿ ಇಬ್ಬರು ಇರಬೇಕಾದ ಕಡೆ ಮೂವರಿದ್ದರು. ಬಾಸಿಂಗ ಕಟ್ಟಿಕೊಂಡ ಮದುಮಗ ಎಡಕ್ಕೆ, ಮದುಮಗಳು ಬಲಕ್ಕೆ, ಅವರ ನಡುವೆ ಹಿಂದಿನ ಬಾಗಿಲಿನ ಕತ್ತಲಲ್ಲಿ ತೆಳ್ಳಗೆ ಮೂಡಿದ ಒಬ್ಬ ಮುದುಕ. ತಲೆಗೆ ರುಮಾಲು, ಹಣೆ ತುಂಬ ವಿಭೂತಿ, ಕೊರಳಲ್ಲಿ ದಪ್ಪ ಹಾರ. ಕಣ್ಣು ಮುಚ್ಚಿತ್ತು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಹಿರಿಯರು ತೀರಿಕೊಂಡರೆ ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಮಣ್ಣಿಗೆ ಒಯ್ಯುವ ಮೊದಲು ಒಂದು ಫೋಟೋ ತೆಗೆಸುತ್ತಾರೆ. ಎಷ್ಟೋ ಜನರಿಗೆ ಬದುಕಿಗೆಲ್ಲ ಅದೊಂದೇ ಫೋಟೋ, ಅದೂ ಬದುಕು ಮುಗಿದ ಮೇಲೆ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ಬಳ್ಳಾರಿಯ ಪಾರ್ವತಿನಗರದಲ್ಲಿ ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು ನಾನು ಕ್ಯಾಮರಾ ರಿಪೇರಿ ಮಾಡುತ್ತಿದ್ದೆ. ಫೋಟೋಗ್ರಾಫರ್ ನನ್ನ ಹಳೆಯ ಗಿರಾಕಿ. ಸಾಮಾನ್ಯವಾಗಿ ಬಂದವನೇ ಊರ ಸುದ್ದಿಯೆಲ್ಲ ಒದರುವ ಮನುಷ್ಯ, ಅಂದು ಕುರ್ಚಿಯ ತುದಿಗೆ ಕೂತು ಕ್ಯಾಮರಾವನ್ನು ತೊಡೆಯ ಮೇಲಿಂದ ಕೆಳಗಿಡಲಿಲ್ಲ.

"ಅಣ್ಣಾರ, ಮಷೀನ್ ತಪ್ಪೈತಿ ಅಂತ ಒಂದು ಮಾತು ಹೇಳ್ರಿ. ಇಲ್ಲಾಂದ್ರ ಆ ಹುಡುಗಿ ಬಾಳೇವು ಹಾಳಾಗತೈತಿ" ಎಂದ.

ವಿಷಯ ಇಷ್ಟು. ಹುಡುಗಿ ಕುರುಗೋಡಿನವಳು, ಹುಡುಗ ಸಿರುಗುಪ್ಪದವನು. ಮದುವೆ ಸಿರುಗುಪ್ಪದಲ್ಲಿ, ಹುಡುಗನ ಮನೆಯ ಮುಂದೆಯೇ ನಡೆಯಿತು. ಮದುವೆಯಾದ ಹುಡುಗಿ ತವರಿಗೆ ಹೋಗಿದ್ದಳು. ಒಳ್ಳೆಯ ದಿನ ನೋಡಿ ಅವಳನ್ನು ಗಂಡನ ಮನೆಗೆ ಕರೆದು ಮನೆ ತುಂಬಿಸಿಕೊಳ್ಳುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ಈ ಫೋಟೋ ಹುಡುಗನ ತಾಯಿಯ ಕೈಗೆ ಬಿತ್ತು. ಫೋಟೋಗ್ರಾಫರ್ ಇದನ್ನು ಪಕ್ಕಕ್ಕೆ ಎತ್ತಿಟ್ಟಿದ್ದನಂತೆ, ಅವಸರದಲ್ಲಿ ಬಂದ ಬೀಗರ ಕಡೆಯವರು ಕಟ್ಟಿನೊಳಗೆ ಸೇರಿಸಿಕೊಂಡು ಹೋಗಿಬಿಟ್ಟರು. ತಾಯಿ ನೋಡಿದವಳೇ, "ಇದು ನಮ್ಮ ಮಾವ. ಈ ಸಂಬಂಧ ಅವಗ ಮನಸಿಲ್ಲ, ಅದಕ್ಕ ನಡುವ ಬಂದು ಕುಂತಾನ" ಎಂದು ಕೂತಳು. ಹುಡುಗಿಯ ತಂದೆ ಓಡಿಹೋಗಿ, "ಅಲ್ರಿ, ಇವರು ನಮ್ಮ ದೊಡ್ಡಪ್ಪ, ಆಶೀರ್ವಾದ ಮಾಡಾಕ ಬಂದಾರ" ಎಂದು ವಾದಿಸಿದ. ಸತ್ತವನು ಯಾರು, ಬಂದದ್ದು ತಡೆಯಲಿಕ್ಕೋ ಹರಸಲಿಕ್ಕೋ ಎಂಬುದು ತೀರ್ಮಾನವಾಗುವ ತನಕ ಸೊಸೆ ಹೊಸ್ತಿಲು ದಾಟುವಂತಿಲ್ಲ ಎಂದಾಯಿತು. ಹುಡುಗ ತಾಯಿಯ ಮಾತು ಮೀರುವವನಲ್ಲ.

"ಕ್ಯಾಮರಾದಾಗ ಒಂದರ ಮ್ಯಾಲ ಒಂದು ಬಿದ್ದೈತ್ರಿ ಅಂತ ನಾ ಹೇಳಿದೆ. ಆಯಮ್ಮ ಏನಂದ್ಲು ಗೊತ್ತೇನ್ರಿ? ಮುಚ್ಚಿದ ಪೆಟ್ಟಿಗಿ ಮಾತು ಯಾರು ನಂಬಬೇಕು, ಒಳಗ ಏನಾಗತೈತಿ ಅಂತ ನನ್ನ ಕಣ್ಣಿಗೆ ತೋರಸು ಅಂದ್ಲು."

ನನ್ನ ಹೆಂಡತಿ ಚಹಾ ತಂದವಳು ಬಗ್ಗಿ ನೋಡಿ, "ಅಯ್ಯ, ಇವರು ನಮ್ಮ ತವರಮನಿ ಕಾಕಾ ಅಲ್ಲೇನ್ರಿ?" ಎಂದಳು. ಅವಳ ಕಾಕಾ ಆಗ ಗಟ್ಟಿಮುಟ್ಟಾಗಿ ಬದುಕಿದ್ದರು. ರುಮಾಲು, ವಿಭೂತಿ, ಮುಚ್ಚಿದ ಕಣ್ಣು ಸೇರಿದರೆ ನಮ್ಮ ಮುದುಕರೆಲ್ಲ ಒಂದೇ ಅಚ್ಚು. ಯಾರ ಮನೆಯ ಗೋಡೆಗೆ ಬೇಕಾದರೂ ತೂಗುಹಾಕಬಹುದಿತ್ತು.

ಆಗ ನನಗೆ ಮದ್ರಾಸಿನ ಒಂದು ಅಂಗಡಿಯ ಗಾಜಿನ ಬೀರು ನೆನಪಾಯಿತು. ಅಲ್ಲಿ ನಿಂಬೆಹಣ್ಣು ಹೆಚ್ಚಿದ ಹಾಗೆ ಅರ್ಧಕ್ಕೆ ಸೀಳಿದ ಒಂದು ಕ್ಯಾಮರಾ ಇಟ್ಟಿದ್ದರು. ಕೊಯ್ದ ಅಂಚಿಗೆಲ್ಲ ಕೆಂಪು ಬಣ್ಣ. ಲೆನ್ಸು, ಕನ್ನಡಿ, ಷಟರ್, ಹಲ್ಲುಗಾಲಿ ಎಲ್ಲ ಇದ್ದಲ್ಲೇ ಇದ್ದವು, ಸುತ್ತಿದರೆ ತಿರುಗುತ್ತಿದ್ದವು. ಗಿರಾಕಿಗಳಿಗೆ ಒಳಗು ತೋರಿಸಲಿಕ್ಕೆಂದೇ ತಯಾರಿಸುವ ಮಾದರಿ ಅದು. ಅಂಥದೊಂದನ್ನು ನಾನೇ ಮಾಡಿದರೆ ಬೀಗತಿಗೆ ತೋರಿಸಬಹುದು, ಜೊತೆಗೆ ತಪ್ಪು ಎಲ್ಲಿದೆ ಎಂದು ನಾನೂ ನೋಡಬಹುದು. ಒಂದು ಕಲ್ಲಿಗೆ ಎರಡು ಹಕ್ಕಿ ಎಂದುಕೊಂಡೆ. ಹಕ್ಕಿ ಎರಡೂ ಹಾರಿಹೋಗಿ ಕಲ್ಲು ನನ್ನ ತಲೆಯ ಮೇಲೇ ಬಿದ್ದದ್ದು ಆಮೇಲಿನ ಕಥೆ.

ಫೋಟೋಗ್ರಾಫರನದು ಮೇಲೊಂದು ಕೆಳಗೊಂದು ಲೆನ್ಸಿರುವ, ಎದೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಕ್ಯಾಮರಾ. ಅದರೊಳಗೆ ಒಂದು ಸಣ್ಣ ಕೊಕ್ಕೆ ಇರುತ್ತದೆ. ಒಂದು ಫೋಟೋ ತೆಗೆದ ಮೇಲೆ ಫಿಲಂ ಮುಂದಕ್ಕೆ ಸುತ್ತುವ ತನಕ ಆ ಕೊಕ್ಕೆ ಗುಂಡಿಯನ್ನು ಮತ್ತೆ ಒತ್ತಲು ಬಿಡುವುದಿಲ್ಲ. ಅದು ಸವೆದಿದ್ದರೆ ಸುತ್ತದೆಯೇ ಎರಡನೆಯ ಸಲ ಒತ್ತಬಹುದು, ಒಂದರ ಮೇಲೊಂದು ಚಿತ್ರ ಬೀಳುತ್ತದೆ. ನನ್ನ ಅನುಮಾನವೆಲ್ಲ ಆ ಕೊಕ್ಕೆಯ ಮೇಲೆ. ಕಾಲುವೆಗೆ ಬಿದ್ದು ಲೆನ್ಸು ಮಂಜಾಗಿ, ಯಜಮಾನನೇ ಬಿಟ್ಟುಹೋದ ಅದೇ ಮಾದರಿಯ ಇನ್ನೊಂದು ಕ್ಯಾಮರಾ ನನ್ನ ಡಬ್ಬಿಯಲ್ಲಿತ್ತು. ಅದನ್ನು ಸೀಳಿ, ಫೋಟೋಗ್ರಾಫರನ ಕ್ಯಾಮರಾದ ಕೊಕ್ಕೆಯನ್ನು ಅದರೊಳಗೆ ಕೂರಿಸಿ, ಅದು ಜಾರುವುದನ್ನು ಎಲ್ಲರೂ ಕಣ್ಣಾರೆ ನೋಡುವಂತೆ ಮಾಡುವುದು ಎಂದು ಯೋಜನೆ ಹಾಕಿದೆ.

ಸೀಳುವುದೆಂದರೆ ಗರಗಸ ಹಿಡಿದು ಎಳೆಯುವುದಲ್ಲ. ಮೊದಲು ಹೊರಗಿನ ಚರ್ಮ ಬಿಡಿಸಿದೆ. ಲೆನ್ಸು, ಕನ್ನಡಿ, ಷಟರ್ ಬಿಚ್ಚಿ ಬೇರೆ ಬೇರೆ ತಟ್ಟೆಗೆ ಹಾಕಿದೆ. ಹಲ್ಲುಗಾಲಿಗಳನ್ನು ಮಾತ್ರ ಬಿಚ್ಚಲಿಲ್ಲ, ಅವು ಒಂದಕ್ಕೊಂದು ಹೇಗೆ ಕೂತಿವೆ ಎಂಬುದೇ ನನಗೆ ಬೇಕಾಗಿತ್ತು. ಗರಗಸದ ಅದುರಾಟಕ್ಕೆ ಅವು ಕದಲಬಾರದು, ಲೋಹದ ಪುಡಿ ಒಳಗೆ ಹೋಗಬಾರದು ಎಂದು ಮೇಣ ಕರಗಿಸಿ ಒಳಗೆಲ್ಲ ಹೊಯ್ದು ಗಟ್ಟಿ ಮಾಡಿದೆ. ಪರಿಚಯದ ಅಕ್ಕಸಾಲಿಗರಿಂದ ಅವರ ಎಳೆ ಗರಗಸ ಇಸಿದುಕೊಂಡು ಬಂದೆ. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಗರಗಸದ ಹಲ್ಲಿಗೆ ಬೆಲ್ಲದ ಪಾಕದಂತೆ ಮೆತ್ತಿಕೊಳ್ಳುತ್ತದೆ. ಸೀಮೆಎಣ್ಣೆ ಸವರುತ್ತಾ, ನಿಲ್ಲಿಸುತ್ತಾ, ಹಲ್ಲು ಒರೆಸುತ್ತಾ ಎಡಗೋಡೆಯಲ್ಲಿ ಒಂದು ಕಿಟಕಿ ತೆಗೆದೆ. ಅದರಲ್ಲಿ ಬೆಳಕು ಬರುವ ದಾರಿ ಕಾಣುತ್ತಿತ್ತು. ಬಲಗಡೆ, ಸುತ್ತುವ ಹಿಡಿಯ ಕೆಳಗೆ, ಕೊಕ್ಕೆ ಕಾಣಲೆಂದು ಇನ್ನೊಂದು ಕಿಟಕಿ.

ಬಲಗಡೆಯದು ಕೈಕೊಟ್ಟಿತು. ಹಿಡಿಯ ಅಚ್ಚುಗೂಟ ಆ ಗೋಡೆಯನ್ನೇ ನಂಬಿ ನಿಂತಿದೆ ಎಂಬುದು ಕೊಯ್ದ ಮೇಲೆ ತಿಳಿಯಿತು. ಗೋಡೆ ಹೋಯಿತು, ಹಿಡಿ ಕುಡುಕನ ಹಾಗೆ ತೂರಾಡತೊಡಗಿತು. ಕಾಣಲಿ ಎಂದು ತೆಗೆದ ಗೋಡೆಯೇ ಕೆಲಸ ನಡೆಸುತ್ತಿದ್ದ ಗೋಡೆ. ಹಿತ್ತಾಳೆಯ ಪಟ್ಟಿಯೊಂದನ್ನು ಬಗ್ಗಿಸಿ, ಸೇತುವೆಯಂತೆ ಅಡ್ಡ ಕೂರಿಸಿ ರಿವೆಟ್ ಹೊಡೆದು ಅಂತೂ ಅದನ್ನು ನಿಲ್ಲಿಸಿದೆ.

ಮೇಣ ತೆಗೆಯುವುದಕ್ಕೆ ಬಳ್ಳಾರಿಯಲ್ಲಿ ಒಲೆ ಬೇಕಿಲ್ಲ. ಮಾಳಿಗೆಯ ಮೇಲೆ ಕಾದ ಕಲ್ಲಿನ ಮೇಲಿಟ್ಟು ಬಂದೆ. ಊಟ ಮುಗಿಸಿ ಹೋಗುವಷ್ಟರಲ್ಲಿ ಮೇಣವೆಲ್ಲ ಸೋರಿ ಹೋಗಿತ್ತು ನಿಜ, ಹೋಗುವಾಗ ಹಲ್ಲುಗಾಲಿಗಳ ಸಂದಿಯಲ್ಲಿ ತೆಳ್ಳಗೆ ಕೂತು ಮತ್ತೆ ಹೆಪ್ಪುಗಟ್ಟಿತ್ತು. ಪೆಟ್ರೋಲಿನಲ್ಲಿ ಅದ್ದಿ, ಕೋಳಿಗರಿಯಿಂದ ಒಂದೊಂದೇ ಹಲ್ಲು ತೊಳೆದೆ. ಮನೆಯೆಲ್ಲ ಪೆಟ್ರೋಲ್ ನಾತ. "ಸತ್ತಾವನ ಸಲುವಾಗಿ ಇದ್ದವರನ್ನ ಸಾಯಿಸಾಕ ಹತ್ತೀರಿ" ಎಂದು ಹೆಂಡತಿ ಸೆರಗು ಮೂಗಿಗೆ ಹಿಡಿದಳು.

ಕೆಲಸ ಅರ್ಧವಾಗಿದ್ದಾಗ ಹುಡುಗಿ ತನ್ನ ತಂದೆಯ ಜೊತೆ ಬಳ್ಳಾರಿಗೆ ಬಂದವಳು ಅಂಗಡಿಗೂ ಬಂದಳು. ಹೊಸ ತಾಳಿ, ಕೈತುಂಬ ಹಸಿರು ಬಳೆ, ಕಾಲಲ್ಲಿ ಸವೆದ ಚಪ್ಪಲಿ. ತಂದೆ ಮಾತಾಡುವುದಕ್ಕಿಂತ ಹೆಚ್ಚು ನಿಟ್ಟುಸಿರು ಬಿಡುತ್ತಿದ್ದ. ಅವಳು ಸೀಳಿದ ಕ್ಯಾಮರಾ ಎತ್ತಿಕೊಂಡು ಎಡಗಿಟಕಿಯಲ್ಲಿ ಕಣ್ಣಿಟ್ಟು ನೋಡಿದಳು.

"ಇದರೊಳಗ ನಮ್ಮ ಅತ್ತಿ ಏನು ಕಾಣಬೇಕ್ರಿ?"

"ಕೊಕ್ಕಿ ಜಾರೂದು ಕಾಣಬೇಕವ್ವಾ."

"ಜಾರತೈತೇನ್ರಿ?"

"ಇನ್ನಾ ನೋಡಿಲ್ಲ."

ಅವಳು ಅದನ್ನು ಮೆಲ್ಲಗೆ ಕೆಳಗಿಟ್ಟಳು. "ಆ ಮುದುಕಪ್ಪನ್ನ ನೋಡಿದ್ರ ನನಗ ಅಂಜಿಕಿ ಇಲ್ರಿ, ಪಾಪ, ಸುಮ್ಮನ ಕುಂತಾನ. ಆದ್ರ ಒಂದು ಮಾತು. ಏನು ಖರೇ ಐತಿ ಅದನ್ನ ಹೇಳ್ರಿ. ಸುಳ್ಳು ಹೇಳಿ ನನ್ನ ಒಳಗ ಕಳಿಸಿದ್ರ, ನಾಳಿ ಆ ಮನ್ಯಾಗ ಹಾಲು ಒಡದ್ರೂ ಈ ಮುದುಕಪ್ಪನ ಹೆಸರು ಬರತೈತಿ. ಅನುಭವಿಸಾಕಿ ನಾನು."

ತಂದೆ, "ಸುಮ್ನಿರವ್ವಾ, ದೊಡ್ಡವರಿಗೆ ಹೇಳೂದೇನು" ಎಂದ. ನನಗೆ ಆ ಮಾತು ಆಗ ಅಷ್ಟಾಗಿ ನಾಟಲಿಲ್ಲ. ಕೊಕ್ಕೆ ಜಾರುತ್ತದೆ ಎಂದು ನಾನು ನಂಬಿಯೇ ಇದ್ದೆ.

ಕೊಕ್ಕೆ ಜಾರಲಿಲ್ಲ. ಫೋಟೋಗ್ರಾಫರನ ಕ್ಯಾಮರಾದಿಂದ ತೆಗೆದು ಸೀಳು ಕ್ಯಾಮರಾದಲ್ಲಿ ಕೂರಿಸಿ, ಅಂಚಿಗೆ ಕೆಂಪು ಬಣ್ಣ ಹಚ್ಚಿ, ಹಳೆಯ ಫಿಲಮ್ಮಿನ ಹಿಂಬದಿಯ ಕಾಗದ ತೂರಿಸಿ ಸುತ್ತಿದೆ. ಒತ್ತಿದೆ. ಸುತ್ತದೆ ಮತ್ತೆ ಒತ್ತಿದೆ. ಗುಂಡಿ ಕಲ್ಲಿನಂತೆ ನಿಂತಿತು. ಬಿಸಿ ಮಾಡಿ ನೋಡಿದೆ, ತಲೆಕೆಳಗೆ ಹಿಡಿದು ನೋಡಿದೆ, ಅಲ್ಲಾಡಿಸಿ ನೋಡಿದೆ, ಕೊನೆಗೆ ಬೈದೂ ನೋಡಿದೆ. ಕಿಟಕಿಯಲ್ಲಿ ಆ ಕೊಕ್ಕೆ ಪ್ರತಿ ಸಲವೂ ತನ್ನ ಕಚ್ಚಿನಲ್ಲಿ ಕಚಕ್ಕನೆ ಕೂರುವುದು ಅಚ್ಚುಕಟ್ಟಾಗಿ ಕಾಣುತ್ತಿತ್ತು. ಇಷ್ಟು ಕಷ್ಟಪಟ್ಟು ನಾನು ಕಟ್ಟಿದ್ದು, ತಪ್ಪು ನಡೆಯಲು ಸಾಧ್ಯವೇ ಇಲ್ಲ ಎಂದು ತೋರಿಸುವ ಮಾದರಿ!

ಅದಕ್ಕಿಂತ ಹೆಚ್ಚು ತಲೆ ಕೆಡಿಸಿದ್ದು ನೆಗೆಟಿವ್. ಮುದುಕ ಕೂತಿದ್ದದ್ದು ರೋಲಿನ ಮೊದಲನೆಯ ಫ್ರೇಮಿನಲ್ಲಿ. ಕೊಕ್ಕೆ ಜಾರಿತು ಎಂದೇ ಇಟ್ಟುಕೊಳ್ಳೋಣ, ಆಗ ಬೀಳಬೇಕಾದದ್ದು ಮದುವೆಯ ಮೇಲೆ ಮದುವೆಯೇ. ಫಿಲಂ ಹಾಕಿದ ಮೇಲೆ ಮೊದಲ ಸಲ ಒತ್ತಿದ್ದೇ ಮದುಮಕ್ಕಳ ಮುಂದೆ ಎನ್ನುತ್ತಾನೆ ಇವನು, ಅದಕ್ಕಿಂತ ಮುಂಚೆ ಈ ಮುದುಕ ಯಾವಾಗ ಬಂದು ಕೂತ? "ಹೊಸ ರೋಲು ಅಣ್ಣಾರ, ಮದುವಿ ಮನಿ ಕಟ್ಟಿ ಮ್ಯಾಲ ಕುಂತು ಎಲ್ಲಾರ ಎದುರಿಗೆ ಹಾಕೀನಿ. ದೇವರಾಣಿ" ಎನ್ನುತ್ತಿದ್ದ. ಅವನ ಮುಖ ನೋಡಿದರೆ ಸುಳ್ಳು ಹೇಳುವವನಂತೆ ಕಾಣಲಿಲ್ಲ. ನನ್ನ ಕೊಕ್ಕೆಯೂ ಸುಳ್ಳು ಹೇಳುತ್ತಿರಲಿಲ್ಲ. ಇಬ್ಬರೂ ಸತ್ಯವಂತರಾದರೆ ಮುದುಕ ಎಲ್ಲಿಂದ ಬಂದ? ಬೀಗತಿ ಹೇಳುವುದೇ ನಿಜವೇನೋ ಎಂದು ಒಂದು ಗಳಿಗೆ ನನಗೂ ಅನ್ನಿಸಿತು, ಅನ್ನಿಸಿದ್ದಕ್ಕೆ ಸಿಟ್ಟೂ ಬಂತು. ತಲೆ ಕೆಟ್ಟು ಕೆರ ಹಿಡಿದುಹೋಯಿತು.

ಫೋಟೋಗ್ರಾಫರ್ ಮತ್ತೆ ಬಂದ. ಸಿರುಗುಪ್ಪದಲ್ಲಿ ಬೇರೆ ಮಾತು ಶುರುವಾಗಿದೆ, ಹುಡುಗಿಯನ್ನು ಅಲ್ಲೇ ಇಟ್ಟುಕೊಳ್ಳಿ ಎಂದು ಹೇಳಿ ಕಳಿಸುವುದರಲ್ಲಿದ್ದಾರೆ ಎಂದ. ಕೊಕ್ಕೆ ಸರಿಯಾಗಿದೆ ಎಂದು ತೋರಿಸಿದೆ. ಅವನು ಕಿಟಕಿಯಲ್ಲಿ ಬಹಳ ಹೊತ್ತು ನೋಡಿ, ದನಿ ತಗ್ಗಿಸಿದ.

"ಅಣ್ಣಾರ, ಈ ಕೊಕ್ಕಿ ಮೂಗಿಗೆ ಒಂದೀಟು ಅರ ಹಾಕಿಬಿಡ್ರಿ. ಆಯಮ್ಮನ ಮುಂದ ಒಮ್ಮಿ ಜಾರಿದ್ರ ಮುಗೀತು. ಯಾರಿಗೆ ಏನು ಲುಕ್ಸಾನು?"

ಯಾರಿಗೂ ಇರಲಿಲ್ಲ. ಹುಡುಗಿ ಮನೆ ಸೇರುತ್ತಾಳೆ, ಇವನ ಮಾನ ಉಳಿಯುತ್ತದೆ, ನನ್ನ ಮಾದರಿ ದಂಡವಾಗುವುದಿಲ್ಲ. ಸಣ್ಣ ಅರ ಕೈಗೆ ತೆಗೆದುಕೊಂಡೆ. ಕೊಕ್ಕೆಯನ್ನು ಚಿಮಟದಲ್ಲಿ ಹಿಡಿದೂ ಆಯಿತು. ಆಗ ಹಾಲು ಒಡೆದ ಮಾತು ನೆನಪಿಗೆ ಬಂತು. ನಾನೇ ನಂಬದ ಕಾರಣವನ್ನು ಆ ಹೆಂಗಸಿನ ಮುಂದಿಟ್ಟರೆ ಅವಳು ಇಂದು ತಲೆಯಾಡಿಸಿಯಾಳು, ನಾಳೆ ಅನುಮಾನ ಮತ್ತೆ ತಲೆ ಎತ್ತುತ್ತದೆ, ಆಗ ಅಡುಗೆಮನೆಯಲ್ಲಿ ಸಿಕ್ಕಿಬೀಳುವವಳು ಆ ಹುಡುಗಿ. ಅರವನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದೆ.

"ಆಗಂಗಿಲ್ಲಪಾ. ಇವನು ಯಾರು, ಹೆಂಗ ಬಂದ ಅಂತ ಗೊತ್ತಾಗೂತನ ನಾ ಸಿರುಗುಪ್ಪಕ್ಕ ಬರಂಗಿಲ್ಲ."

ಅವನು ತಲೆಯ ಮೇಲೆ ಕೈ ಹೊತ್ತು ಕೂತ. ನನ್ನ ಹೆಂಡತಿ ಒಳಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದವಳು, ಅವನನ್ನು ಸಮಾಧಾನ ಮಾಡುವ ದನಿಯಲ್ಲಿ ಸುಮ್ಮನೆ ಒಂದು ಮಾತು ಕೇಳಿದಳು.

"ತಮ್ಮಾ, ಸತ್ತ ಮನಿಗೆ ಹೋಗಿ ಬಂದ ಮ್ಯಾಲ ನೀನು ಜಳಕ ಮಾಡತೀಯಲ್ಲ, ಕ್ಯಾಮರಾಕ್ಕ ಏನು ಮಾಡತಿ?"

"ಒರಸತೀನ್ರಿ ಅಕ್ಕಾರ. ರೋಲು ಬದಲ ಮಾಡತೀನಿ."

"ರೋಲು ಯಾಕ?" ಎಂದೆ ನಾನು.

ಆಗ ಹೊರಗೆ ಬಂತು. ನಮ್ಮಲ್ಲಿ ಸೂತಕ ಇಲ್ಲ ಎಂದು ದೊಡ್ಡವರು ಬಾಯಲ್ಲಿ ಹೇಳುತ್ತಾರೆ. ಮದುವೆ ಮನೆಯ ಬಾಗಿಲಲ್ಲಿ ಮಾತ್ರ, "ನಿನ್ನಿ ಯಾವ ಕಡೆ ಹೋಗಿದ್ದಿ?" ಎಂದು ಕೇಳದೆ ಒಳಗೆ ಬಿಡುವುದಿಲ್ಲ. ಸಾವು ಕಂಡ ಫಿಲಮ್ಮಿನ ಉಳಿದ ಫ್ರೇಮುಗಳಲ್ಲಿ ಮದುವೆ ತೆಗೆಯಬಾರದು ಎಂಬುದು ಇವನು ತಾನೇ ಹಾಕಿಕೊಂಡ ನೇಮ. ಹಾಗೆಂದು ಫಿಲಂ ಬಿಸಾಡಲಾಗುತ್ತದೆಯೇ? ಬೆಳಕು ನುಸುಳದ ಕಪ್ಪು ಚೀಲದೊಳಗೆ ಕೈತೂರಿಸಿ, ಅರ್ಧ ಮುಗಿದ ರೋಲನ್ನು ಮತ್ತೆ ಹಿಂದಕ್ಕೆ ಸುತ್ತಿ, ಗುರುತಿಗೆ ಕರಿ ದಾರ ಕಟ್ಟಿ, ಕ್ಯಾಮರಾ ಚೀಲದ ಮೂಲೆಯಲ್ಲಿ ಇಡುತ್ತಿದ್ದ. ಮುಂದೆ ಇನ್ನೊಂದು ಸಾವಿಗೆ ಕರೆ ಬಂದಾಗ ಅದನ್ನೇ ಹಾಕಿ, ತೆಗೆದ ಫ್ರೇಮುಗಳನ್ನು ಲೆನ್ಸು ಮುಚ್ಚಿ ದಾಟಿಸಿ, ಮುಂದಿನದರಿಂದ ಶುರು ಮಾಡುತ್ತಿದ್ದ. ಇಷ್ಟು ದಿನ ಇದನ್ನು ಯಾಕೆ ಹೇಳಲಿಲ್ಲ ಎಂದರೆ, "ನೀವು ಕೊಕ್ಕಿ ಬಗ್ಗೆ ಅಷ್ಟ ಕೇಳಿದ್ರಿ" ಎಂದ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆ.

"ಮದುವಿಗೆ ಮುಂಚೆ ಕೊನೀಗೆ ಯಾವ ಸಾವಿಗೆ ಹೋಗಿದ್ದಿ?"

"ರಾರಾವಿ ಊರಿಗೆ. ಒಂದ ಫೋಟೋ ತಗದಿದ್ದೆ. ಆದ್ರ ಅದು ಬರಲೇ ಇಲ್ರಿ. ಅವರು ಅವಸರ ಮಾಡಿದ್ರು ಅಂತ ಮದುವಿ ಆದ ಮ್ಯಾಲ ತೊಳದಾಗ ರೋಲು ಪೂರಾ ಖಾಲಿ ಇತ್ತು. ಫಿಲಂ ಕೆಟ್ಟಿತ್ತು ಅಂತ ಅವರಿಗೆ ಹೇಳಿದೆ."

ಖಾಲಿ ರೋಲು ಎಂದ ಕೂಡಲೇ ನನ್ನ ಬೆನ್ನು ನೆಟ್ಟಗಾಯಿತು. ಖಾಲಿ ಬಂದದ್ದು ಹೊಸ ರೋಲು. ಮದುವೆಗೆ ಹಾಕಿದ್ದು ರಾರಾವಿಯ ರೋಲು. "ಕರಿ ದಾರ ಕಾಣಲಿಲ್ಲೇನು?" ಎಂದು ಕೇಳಿದರೆ ಅವನ ಮುಖ ಬಿಳಿಚಿಕೊಂಡಿತು. ಮದುವೆ ಮನೆಯ ಕಟ್ಟೆಯ ಮೇಲೆ ಚೀಲ ಬಿಚ್ಚಿದಾಗ ಹುಡುಗನ ತಾಯಿ ಆರತಿ ತಟ್ಟೆ ಹಿಡಿದು ಪಕ್ಕದಲ್ಲೇ ಹೋಗುತ್ತಿದ್ದಳಂತೆ. "ಮದುವಿ ಮನ್ಯಾಗ ಕರಿ ದಾರ ಯಾಕ್ರಿ? ಬಿಚ್ಚಿ ಒಗೀರಿ" ಎಂದು ಗದರಿದ್ದಳು. ಇವನು ನಾಚಿಕೊಂಡು ದಾರ ಕಿತ್ತು ಎಸೆದು, ಬಿಚ್ಚಿಟ್ಟಿದ್ದ ಹೊಸ ರೋಲುಗಳ ಜೊತೆಗೇ ಅದನ್ನೂ ಇಟ್ಟಿದ್ದ. ಆಮೇಲೆ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿದ, ಉಳಿದ ಹೊಸದೊಂದನ್ನು ರಾರಾವಿಯದೆಂದು ತೊಳೆದ.

ಸಾವು ಮದುವೆಗೆ ತಾಕಬಾರದೆಂದು ಇವನು ದಾರ ಕಟ್ಟಿದ. ಅದೇ ಕಾರಣಕ್ಕೆ ಅವಳು ಅದನ್ನು ಬಿಚ್ಚಿಸಿದಳು. ಇಬ್ಬರ ಕಾಳಜಿಯೂ ಕೂಡಿ ಮುದುಕನನ್ನು ಮದುಮಕ್ಕಳ ನಡುವೆ ಕೂರಿಸಿಬಿಟ್ಟಿತ್ತು.

"ಇದನ್ನ ಆಯಮ್ಮನ ಮುಂದ ಹೇಳಾಕ ಆಗತೈತೇನ್ರಿ? ನೀವ ಬಿಚ್ಚಿಸಿದ ದಾರ ಅಂತ?" ಎಂದು ಅವನು ಕೇಳಿದ. ಹೇಳಿದರೆ ಅವಳು ಹಟಕ್ಕೆ ಬೀಳಬಹುದು, ನೆಂಟರ ಮುಂದೆ ಮುಖ ಕೆಡಿಸಿಕೊಂಡ ಹೆಂಗಸು ಸೊಸೆಗೆ ಒಳ್ಳೆಯವಳಾಗಿ ಇರುತ್ತಾಳೆಯೇ ಎಂದು ನನಗೂ ಹೆದರಿಕೆಯಾಯಿತು. ರೋಲು ಬದಲಾದದ್ದನ್ನು ಪೂರ್ತಿ ತೋರಿಸುವುದು, ದಾರ ಯಾರು ಬಿಚ್ಚಿಸಿದರು ಎಂಬುದನ್ನು ನಾವಾಗಿ ಎತ್ತದಿರುವುದು ಎಂದು ತೀರ್ಮಾನಿಸಿದೆ. ಅದು ಸರಿಯೋ ತಪ್ಪೋ ಎಂದು ಸಿರುಗುಪ್ಪದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಂದಲವೇ.

ಅವರ ಪಡಸಾಲೆಯಲ್ಲಿ ಕಂಬಳಿ ಹಾಸಿದ್ದರು. ಹುಡುಗನ ತಾಯಿ ಎತ್ತರದ ಹೆಂಗಸು, ಕೂತರೂ ನಿಂತಂತೆ ಕಾಣುತ್ತಿದ್ದಳು. ಹುಡುಗಿಯ ತಂದೆಯನ್ನೂ ಕರೆಸಿದ್ದರು. ನಾನು ಸೀಳು ಕ್ಯಾಮರಾವನ್ನು ಅವಳ ಕೈಗೇ ಕೊಟ್ಟೆ. ಅವಳು ಎಡಗಿಟಕಿಯಲ್ಲಿ ಬೆರಳು ಹಾಕಿ ತಡಕಿದಳು.

"ಒಳಗ ಏನೂ ಇಲ್ಲಲ್ಲ?"

"ಕತ್ತಲಿ ಇರತೈತ್ರಿ ಅಕ್ಕಾರ. ನಾ ಸೀಳಿದೆ, ಅದಕ್ಕ ಹೋಗೈತಿ."

ನಂಬಲೋ ಬೇಡವೋ ಎಂಬಂತೆ ನನ್ನನ್ನು ನೋಡಿದಳು. ನಾನು ವಿಭೂತಿ ಗಟ್ಟಿ ಮತ್ತು ಕುಂಕುಮ ಕೇಳಿದೆ. ಫಿಲಮ್ಮಿಲ್ಲದ ಕಾಗದವನ್ನಷ್ಟೇ ಕ್ಯಾಮರಾಕ್ಕೆ ತೂರಿಸಿ, ಹಿಂಬಾಗಿ‌ಲು ತೆರೆದೇ ಇಟ್ಟು, ಕಾಗದದ ಮೇಲಿನ ಬಾಣದ ಗುರುತನ್ನು ಮೈಮೇಲಿನ ಚುಕ್ಕೆಗೆ ಸರಿಯಾಗಿ ನಿಲ್ಲಿಸಿ ಸುತ್ತಿದೆ. ಒಂದನೆಯ ಫ್ರೇಮು ಬಂದು ನಿಂತಿತು. "ಇದು ಸಾವಿನ ಮನಿ" ಎಂದು ಅದರ ಮೇಲೆ ನೀರಲ್ಲಿ ತೊಯ್ಸಿದ ವಿಭೂತಿಯನ್ನು ಎಳೆದು, ಗುಂಡಿ ಒತ್ತಿದೆ. ಕೊಕ್ಕೆ ಕೂರುವುದನ್ನೂ ತೋರಿಸಿದೆ, ಎರಡನೆಯ ಸಲ ಅವಳೇ ಒತ್ತಿ ನೋಡಿದಳು, ಆಗಲಿಲ್ಲ. ಆಮೇಲೆ ಕಾಗದವನ್ನು ಹೊರತೆಗೆದು, ಫೋಟೋಗ್ರಾಫರ್ ಮಾಡುತ್ತಿದ್ದಂತೆಯೇ ಮೊದಲಿನ ಹಾಗೆ ಹಿಂದಕ್ಕೆ ಸುತ್ತಿದೆ. ಸುತ್ತಿದ ಮೇಲೆ ಅದು ಹೊಸ ರೋಲಿನ ಹಾಗೆಯೇ ಕಂಡಿತು. ಮತ್ತೆ ತೂರಿಸಿದೆ, ಬಾಣ ಚುಕ್ಕೆಗೆ ಬಂತು, ಸುತ್ತಿದೆ.

"ಈಗ ಮದುವಿ. ಕುಂಕುಮ ನೀವ ಹಚ್ರಿ ಅಕ್ಕಾರ."

ಅವಳು ಬೆರಳಿಗೆ ಕುಂಕುಮ ತೆಗೆದುಕೊಂಡು ಬಗ್ಗಿದಳು. ಹಚ್ಚಬೇಕಾದ ಜಾಗದಲ್ಲಿ ವಿಭೂತಿ ಅದಾಗಲೇ ಕೂತಿತ್ತು. ಬೆರಳು ಅಲ್ಲೇ ನಿಂತಿತು.

"ಅಂದ್ರ ಈ ರೋಲು ಮೊದ್ಲ ಸತ್ತ ಮನಿ ನೋಡಿ ಬಂದಿತ್ತು."

"ಹೌದ್ರಿ. ರಾರಾವಿಯವರು. ನಿಮಗೂ ಬೀಗರಿಗೂ ಏನೂ ಆಗಬೇಕಾದವರಲ್ಲ."

ಅವಳು ಫೋಟೋಗ್ರಾಫರನ ಕಡೆಗೆ ತಿರುಗಿ, "ಗುರುತು ಕಟ್ಟಂಗಿಲ್ಲೇನಪಾ ನೀನು?" ಎಂದಳು. ಅವನು ನೆಲ ನೋಡಿದ. ನಾನು, "ಕಟ್ಟಿದ್ದು ಬಿಚ್ಚಿತ್ರಿ" ಎಂದೆ. ಅವಳು ಬೆರಳಿನ ಕುಂಕುಮವನ್ನೇ ನೋಡುತ್ತಾ ಕೂತಳು. ಹುಡುಗಿಯ ತಂದೆ ಏನೋ ಹೇಳಲು ಬಾಯಿ ತೆರೆದ, ನಾನು ಕಣ್ಣಲ್ಲೇ ತಡೆದೆ.

"ಕರಿ ದಾರ" ಎಂದಳು ಅವಳು ಕೊನೆಗೆ, ಎಲ್ಲರಿಗೂ ಕೇಳುವಂತೆ. "ಅದು ಬಿಚ್ಚಿಲ್ರಿ. ನಾನ ಬಿಚ್ಚಿಸಿದ್ದು."

ಅವಳು ಆ ಫೋಟೋ ತರಿಸಿ ಮತ್ತೊಮ್ಮೆ ನೋಡಿದಳು. "ನನಗ ಇನ್ನಾ ಮಾವನ ಮಾರಿನ ಕಾಣತೈತಿ" ಎಂದಳು. ಆ ದನಿಯಲ್ಲಿ ಹೆದರಿಕೆ ಹೋಗಿತ್ತು, ಅದರ ಜಾಗಕ್ಕೆ ಬಂದದ್ದು ಏನೆಂದು ನನಗೆ ಗೊತ್ತಾಗಲಿಲ್ಲ. ಕುಂಕುಮವನ್ನು ವಿಭೂತಿಯ ಮೇಲೇ ಹಚ್ಚಿ, "ಬೀಗ್ರ, ಬರೂ ಸೋಮವಾರ ಮನಿ ತುಂಬಿಸಿಕೋತೀವಿ. ಹುಡುಗೀನ ಕರಕೊಂಡು ಬರ್ರಿ" ಎಂದಳು. ಹುಡುಗಿಯ ತಂದೆ ಅಲ್ಲೇ ಕಣ್ಣೊರೆಸಿಕೊಂಡ. ನನಗೂ ಎದೆ ಹಗುರಾಯಿತು.

ನಾವು ಏಳುವಾಗ ಅವಳು ಫೋಟೋಗ್ರಾಫರನನ್ನು ತಡೆದಳು. "ಈ ಹಿರ್ಯಾನ ಮನಿಯವರಿಗೆ ಫೋಟೋ ಕೊಟ್ಟೀಯೇನು?"

"ಇಲ್ರಿ. ಕೆಟ್ಟೈತಿ ಅಂದಿದ್ದೆ."

"ಕೊಟ್ಟು ಬಾ" ಎಂದಳು.

ರಾರಾವಿಗೆ ನಾನೂ ಹೋದೆ. ಹೊಳೆಯ ಕಡೆಗೆ ಮುಖ ಮಾಡಿದ ಸಣ್ಣ ಮನೆ, ಜಗುಲಿಯಲ್ಲಿ ಭತ್ತ ಹರಡಿತ್ತು. ಮುದುಕನ ಹೆಂಡತಿ ಒಬ್ಬಳೇ ಕೂತು ಕೋಳಿ ಬಾರದಂತೆ ಕಾಯುತ್ತಿದ್ದಳು. ಫೋಟೋಗ್ರಾಫರ್ ಎಲ್ಲವನ್ನೂ ಹೇಳಿ, ತಪ್ಪಾಯಿತು ಎಂದು ಕೈಮುಗಿದು, ಫೋಟೋ ಕೊಟ್ಟ. ಅವಳು ಬಿಸಿಲಿಗೆ ಹಿಡಿದು ಗಂಡನ ಮುಖ ಹುಡುಕಿದಳು. ಸಿಕ್ಕಿದ ಮೇಲೆ ಹೆಬ್ಬೆರಳನ್ನು ಅಲ್ಲೇ ಇಟ್ಟುಕೊಂಡಳು.

"ಅವ್ವಾ, ಇವರಿಬ್ಬರನ್ನ ಮುಚ್ಚಿ, ಯಜಮಾನ್ರನ್ನ ಅಷ್ಟ ಬ್ಯಾರೆ ತಗದು ಕೊಡತೀನಿ" ಎಂದ ಅವನು.

ಅವಳಿಗೆ ಆ ಮಾತು ಕೇಳಿಸಿದಂತೆ ಕಾಣಲಿಲ್ಲ. "ಮದುವಿ ಯಾವ ಊರಾಗ?" ಎಂದಳು.

"ಸಿರುಗುಪ್ಪದಾಗ."

"ಉಣ್ಣಾಕ ಏನು ಮಾಡಿದ್ರು?"

ಅವನು ಗಾಬರಿಯಾಗಿ ನನ್ನ ಮುಖ ನೋಡಿ, "ಗೋದಿ ಹುಗ್ಗಿ... ಬದನಿಕಾಯಿ ಪಲ್ಯ..." ಎಂದ.

"ಹುಗ್ಗಿ ಅಂದ್ರ ಜೀವ ಬಿಡತಿದ್ದ" ಎಂದಳು. ಫೋಟೋವನ್ನು ಮಡಿಲಲ್ಲಿಟ್ಟುಕೊಂಡು ಎದ್ದು ಒಳಗೆ ಹೋಗಿ, ಪೆಟ್ಟಿಗೆ ತೆಗೆದ ಸದ್ದಾಯಿತು, ಒಂದು ಕುಪ್ಪಸದ ಖಣ ಹಿಡಿದು ಬಂದಳು. "ಮದುವಿಗೆ ಹೋಗಿ ಬರೇ ಕೈಲೆ ಎದ್ದು ಬಂದವನಲ್ಲ ನಮ್ಮಾತ. ಆಯೇರಿ ಮಾಡೂದು ಉಳದೈತಿ. ಆ ಹುಡುಗಿಗೆ ಕೊಡ್ರಿ."

ಈಗಷ್ಟೇ ಗಂಡನನ್ನು ಕಳೆದುಕೊಂಡವಳ ಕೈಯಿಂದ ಹೊಸ ಮದುಮಗಳಿಗೆ ಖಣ. ಕರಿ ದಾರವನ್ನೇ ಸಹಿಸದ ಹೆಂಗಸಿನ ಮುಂದೆ ಇದನ್ನು ಇಡುವುದು ಹೇಗೆ? ಬೇಡ ಎನ್ನಲು ಈ ಮುದುಕಿಯ ಮುಂದೆ ಧೈರ್ಯವಾಗಲಿಲ್ಲ. ತಂದು ಕ್ಯಾಮರಾ ಚೀಲದಲ್ಲಿ ಮುಚ್ಚಿಟ್ಟೆ. ಹೆಂಡತಿಯನ್ನು ಕೇಳಿದರೆ, "ಇಸಗೊಳ್ಳೂದು ಬಿಡೂದು ಅವರದು. ಒಯ್ಯೂದು ಅಷ್ಟ ನಿಮ್ಮದು" ಎಂದಳು.

ಸೋಮವಾರ ಹುಡುಗಿ ಹೊಸ್ತಿಲ ಮೇಲಿನ ಸೇರಕ್ಕಿಯನ್ನು ಬಲಗಾಲಲ್ಲಿ ಒದ್ದು ಒಳಗೆ ಬಂದಳು. ಪಡಸಾಲೆಯಲ್ಲಿ ಅವಳನ್ನು ಕೂರಿಸಿ ಆಯೇರಿ, ಅಂದರೆ ನೆಂಟರ ಉಡುಗೊರೆ, ಶುರು ಮಾಡಿದರು. ಅತ್ತೆ ಒಂದೊಂದೇ ಎತ್ತಿ ಹಿಡಿದು, ಇಂಥ ಊರಿನ ಇಂಥವರದು ಎಂದು ಕೂಗಿ ಹೇಳಿ ಸೊಸೆಯ ಉಡಿಗೆ ಹಾಕುತ್ತಿದ್ದಳು. ಗದ್ದಲ ಸ್ವಲ್ಪ ಕಡಿಮೆಯಾದಾಗ ನಾನು ಹತ್ತಿರ ಹೋಗಿ ಖಣವನ್ನು ಕೈಗೆ ಕೊಟ್ಟು, ಯಾರು ಕೊಟ್ಟರು, ಏನೆಂದು ಹೇಳಿ ಕೊಟ್ಟರು ಎಂಬುದನ್ನು ಒಂದೇ ಉಸಿರಿಗೆ ಹೇಳಿದೆ. ಅವಳು ಖಣವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹುಡುಗಿ ತಲೆ ಎತ್ತಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

"ಹೆಸರೇನು ಹಿರ್ಯಾಂದು?" ಎಂದು ಅತ್ತೆ ಕೇಳಿದಳು.

ನಾನು ಫೋಟೋಗ್ರಾಫರನ ಕಡೆ ನೋಡಿದೆ, ಅವನು ನನ್ನ ಕಡೆ ನೋಡಿದ. ಕ್ಯಾಮರಾ ಸೀಳಿ ಯಾವ ಹಲ್ಲು ಯಾವ ಕಚ್ಚಿನಲ್ಲಿ ಕೂರುತ್ತದೆ ಎಂದೆಲ್ಲ ತಿಳಿದುಕೊಂಡಿದ್ದೆವು. ಹೆಸರು ಕೇಳಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಅವಳು ನಮಗಾಗಿ ಕಾಯಲಿಲ್ಲ. ಖಣವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ರಾರಾವಿ ಹಿರ್ಯಾರ ಆಯೇರಿ!" ಎಂದು ಕೂಗಿ ಸೊಸೆಯ ಉಡಿಗೆ ಹಾಕಿದಳು. ಹುಡುಗಿ ಅದನ್ನು ಕಣ್ಣಿಗೆ ಒತ್ತಿಕೊಂಡಳು.

ಅಡುಗೆಮನೆಯಿಂದ ಯಾರೋ, "ರಾರಾವಿಯವರು ಬಂದಾರೇನು? ಉಣ್ಣಾಕ ಕರೀರಿ!" ಎಂದು ಕೂಗಿದರು.

"ಅವರದು ಮದುವ್ಯಾಗ ಊಟ ಆಗೈತಿ" ಎಂದಳು ಅತ್ತೆ, ಮುಂದಿನ ಆಯೇರಿಗೆ ಕೈ ಚಾಚುತ್ತಾ.